ಜಗದೇವ ಅತ್ತ ದಿನ

ಸೂಗಮ್ಮನ ಕೂಸು ಅಳುತ್ತಿರಲಿಲ್ಲ. ನೋಡಿದವರೆಲ್ಲ "ಎಂಥಾ ಶಾಣ್ಯಾ ಕೂಸು" ಎಂದು ಗಲ್ಲ ಹಿಂಡಿ ಹೋಗುತ್ತಿದ್ದರು. ಅವರ ಬಾಯಿಗೆ ಮಣ್ಣು ಬೀಳಲಿ. ಅಂಬೆಗಾಲಿಡುವ ವಯಸ್ಸಿನ ಕೂಸು ಅಳಬೇಕು, ಚೀರಬೇಕು, ಸಿಕ್ಕಿದ್ದನ್ನೆಲ್ಲ ಬಾಯಿಗಿಟ್ಟುಕೊಂಡು ಮನೆಮಂದಿಯ ಜೀವ ತಿನ್ನಬೇಕು. ಇದು ಬೆಳಿಗ್ಗೆ ಗಿರಣಿಯ ಭೋಂಗಾ ಕೂಗುವಾಗ ಕಣ್ಣು ಮುಚ್ಚಿದರೆ ದೀಪ ಹಚ್ಚುವ ಹೊತ್ತಿಗೆ ಅರ್ಧ ತೆರೆಯುತ್ತಿತ್ತು. ಅದಕ್ಕೆ ಹೆಸರು ಕೂಡ ಇರಲಿಲ್ಲ. ಬಾಣಂತನ ಮುಗಿಯುವ ಮುಂಚೆಯೇ ಸೂಗಮ್ಮ ಕೆಲಸಕ್ಕೆ ಓಡಿಬರಬೇಕಾಯಿತು. ಬರದಿದ್ದರೆ ಅವಳ ರಾಟೆಯ ಮುಂದೆ ಇನ್ನೊಬ್ಬಳು ಕೂತಿರುತ್ತಿದ್ದಳು. ತೊಟ್ಟಿಲ ಕಾರ್ಯ ಇವತ್ತು ನಾಳೆ ಎಂದು ಮುಂದೆ ಹೋಗುತ್ತ ಹೋಗುತ್ತ ಕೂಸು ಬರೀ ಕೂಸಾಗಿಯೇ ಉಳಿಯಿತು.

ಕಲಬುರ್ಗಿಯಲ್ಲಿ ಆಗ ನಿಜಾಮರ ಆಳ್ವಿಕೆ. ಊರಂಚಿನ ಹತ್ತಿ ಗಿರಣಿಯಲ್ಲಿ ನೂಲನ್ನು ಕಟ್ಟು ಕಟ್ಟಾಗಿ ಲಡಿ ಸುತ್ತುವ ಖೋಲಿಯೊಂದಿತ್ತು, ಅಲ್ಲಿ ಕೆಲಸ ಮಾಡುವವರೆಲ್ಲ ಹೆಂಗಸರೇ. ಒಬ್ಬೊಬ್ಬಳ ಮುಂದೆ ಒಂದು ಕೈರಾಟೆ, ಬೆನ್ನ ಹಿಂದೆ ಗೋಡೆಯ ಗೂಟಕ್ಕೆ ಹಳೆ ಸೀರೆಯ ಜೋಳಿಗೆ, ಜೋಳಿಗೆಯಲ್ಲಿ ಕೂಸು. ಹತ್ತಿಯ ಧೂಳು ಮಾಗಿಯ ಮಂಜಿನ ಹಾಗೆ ಎಲ್ಲರ ಮೇಲೂ ಕೂತಿರುತ್ತಿತ್ತು. ನಡುವೆ ಎದ್ದು ಹಾಲು ಕುಡಿಸುವ ಹಾಗಿಲ್ಲ. ಕೂಸು ಅತ್ತರೆ ತಾಯಿ ಏಳುತ್ತಾಳೆ, ತಾಯಿ ಎದ್ದರೆ ರಾಟೆ ನಿಲ್ಲುತ್ತದೆ. ಆದ್ದರಿಂದ ಆಳುಗಳ ಮೇಲ್ವಿಚಾರಣೆಯ ಜಾಬರ್ ಖಂಡೆಪ್ಪ ದಿನಾ ಬೆಳಿಗ್ಗೆ ಗೇಟಿನಲ್ಲಿ ನಿಂತು, ಕೂಸು ಹೊತ್ತು ಬಂದವಳ ಅಂಗೈಗೆ ಒಂದು ಕರಿ ಗುಳಿಗೆ ಇಡುತ್ತಿದ್ದ. ಅಫೀಮಿನದು. ಆ ಪುಣ್ಯಾತ್ಮ ತಾನು ದಾನ ಮಾಡುತ್ತಿದ್ದೇನೆಂದೇ ತಿಳಿದಿದ್ದ.

"ಕೂಸು ಮಲಗಲಿ ಬೇ, ನೀನೂ ಆರಾಮಾಗಿ ಕೆಲಸ ಮಾಡು" ಎನ್ನುತ್ತಿದ್ದ.

ಕೇಳುವವರು ಯಾರು? ಹಿಂದೊಮ್ಮೆ ಮಗ್ಗದ ಖಾತೆಯ ಗಂಡಸರು ಬೇವಿನ ಮರದಡಿ ಕೂಡಿ ಊಟಕ್ಕೆ ಬಿಡುವು ಬೇಕೆಂದು ಮಾತಾಡಿದ್ದರು. ಪರವಾನಗಿ ಇಲ್ಲದೆ ಸಭೆ ಮಾಡಿದರೆಂದು ಪೊಲೀಸರು ಬಂದು ಅವರನ್ನು ಎಳೆದುಕೊಂಡು ಹೋದರು. ಅಂದಿನಿಂದ ಗಿರಣಿಯಲ್ಲಿ ನಾಲ್ಕು ಜನ ಒಟ್ಟಿಗೆ ನಿಂತು ಬೀಡಿ ಸೇದಲೂ ಹೆದರುತ್ತಿದ್ದರು. ಸೂಗಮ್ಮನ ಗಂಡ ಸಾಯಬಣ್ಣ ಅದೇ ಖಾತೆಯವನು. ಮನೆಯಲ್ಲೂ ಅವನು ಗಿರಣಿಯ ಸುದ್ದಿ ಎತ್ತುತ್ತಿರಲಿಲ್ಲ.

ಬಾಯ್ಲರ್ ತೊಳೆಯಲೆಂದು ಗಿರಣಿ ಎರಡು ದಿನ ಬಂದಾಯಿತು. ಸೂಗಮ್ಮ ಹಠ ಹಿಡಿದು ತವರೂರು ಕಮಲಾಪುರಕ್ಕೆ ಹೊರಟಳು. ಈ ಸಲ ಹೆಸರಿಟ್ಟೇ ಬರುವುದು. ಲಡಿ ಖೋಲಿಯ ಗೆಳತಿಯರೂ ಕೂಸುಗಳನ್ನು ಎತ್ತಿಕೊಂಡು ಮೋಟಾರು ಹತ್ತಿದರು. ಸಾಯಬಣ್ಣನಿಗೆ ಅಕ್ಕತಂಗಿಯರಿಲ್ಲ, ಕಿವಿಯಲ್ಲಿ ಹೆಸರು ಕೂಗುವ ಸೋದರತ್ತೆ ಯಾರು ಎಂಬ ಪ್ರಶ್ನೆ ಬಂದಾಗ, ಪಕ್ಕದ ರಾಟೆಯ ಅಕ್ಬರಿ ಬೇಗಂ "ನಾ ಇಲ್ಲೇನು? ಸಾಯಬಣ್ಣ ನನಗ ತಮ್ಮ ಇದ್ದಂಗ" ಎಂದು ಮೊದಲೇ ಹಕ್ಕು ಹೂಡಿದ್ದಳು. ತಾಜಸುಲ್ತಾನಪುರದಿಂದ ದಿನಾ ನಡೆದು ಬರುವ ಗಟ್ಟಿ ಹೆಂಗಸು ಅವಳು. ಅವಳ ಬಾಯಿ ಕಾಲಿಗಿಂತ ಗಟ್ಟಿ.

ಸೂಗಮ್ಮನ ತಾಯಿ ಶಿವಕಾಂತಮ್ಮ ಕಮಲಾಪುರದ ಸೂಲಗಿತ್ತಿ. ತೊಟ್ಟಿಲಿಗೆ ಹೂ ಕಟ್ಟಿ, ಊರಿನ ಕೆಂಪು ಬಾಳೆಯ ಗೊನೆಯನ್ನೇ ಪಕ್ಕಕ್ಕೆ ತೂಗುಹಾಕಿದ್ದಳು. ಹೆಂಗಸರು ಎರಡೂ ಬದಿಗೆ ನಿಂತು ಕೂಸನ್ನು ತೊಟ್ಟಿಲ ಕೆಳಗಿಂದ ಕೊಟ್ಟು ಮೇಲಿಂದ ತೆಗೆದುಕೊಂಡರು. ಆಮೇಲೆ ಅಕ್ಬರಿ ಬಾಗಿ, ಕಿವಿಗೆ ಬಾಯಿಟ್ಟು "ಕುರ್ರ್" ಎಂದು ಕೂಗಿ ಅಜ್ಜನ ಹೆಸರು ಹೇಳಿದಳು: ಜಗದೇವ.

ಇಲ್ಲಿ ಕೂಸು ಬೆಚ್ಚಿಬಿದ್ದು ಅಳಬೇಕು. ಅದು ಅತ್ತ ಕೂಡಲೇ ಹೆಂಗಸರೆಲ್ಲ ಸೋದರತ್ತೆಯ ಬೆನ್ನಿಗೆ ಗುದ್ದಿ ನಗಬೇಕು. ಗುದ್ದಲು ಕೈ ಎತ್ತಿ ಎಲ್ಲರೂ ತಯಾರಾಗಿದ್ದರು. ಕೂಸು ಅಲುಗಲಿಲ್ಲ. ಅಕ್ಬರಿ ಮತ್ತೆ ಕೂಗಿದಳು, ಇನ್ನೂ ಜೋರಾಗಿ. ರೆಪ್ಪೆ ಕೂಡ ಮಿಸುಕಲಿಲ್ಲ.

"ಅರೇ, ಯೇ ತೋ ಹಿಲ್ತಾಚ್ ನೈ, ಅಲಗವಲ್ದಲ್ಲ ಇದು" ಎಂದಳು ಅಕ್ಬರಿ. ಎತ್ತಿದ ಕೈಗಳು ಒಂದೊಂದಾಗಿ ಇಳಿದವು.

ಶಿವಕಾಂತಮ್ಮ ಕೂಸಿನ ಬಾಯಿಗೆ ಮೂಗು ಹಚ್ಚಿ ಮೂಸಿ ನೋಡಿದಳು. ಮಗಳ ಮುಖ ನೋಡಿದಳು. "ದಿನಾ ಕೊಡ್ತೀ ಏನು?"

"ಗಿರಣ್ಯಾಗ ಎಲ್ಲರೂ ಕೊಡ್ತಾರವ್ವಾ" ಎಂದಳು ಸೂಗಮ್ಮ. ಖಂಡೆಪ್ಪನ ಹತ್ತಿರ ಕೇಳಿ ತಂದ ಗುಳಿಗೆಯನ್ನು ಮೈಕೈ ನೋವಿನ ಒಂದೊಂದು ರಾತ್ರಿ ಮನೆಯಲ್ಲೂ, ಆ ದಿನ ಮೋಟಾರಿನಲ್ಲೂ ಕೊಟ್ಟಿದ್ದಳು. ಅದನ್ನೂ ಹೇಳಿದಳು. ಹೇಳಿ ಬಿಕ್ಕಿ ಬಿಕ್ಕಿ ಅತ್ತಳು.

"ಹೆಸರು ಕಿವ್ಯಾಗ ಬಿದ್ದಿಲ್ಲ" ಎಂದಳು ಶಿವಕಾಂತಮ್ಮ, ಎಲ್ಲರಿಗೂ ಕೇಳುವಂತೆ. "ಬೀಳದ ಹೆಸರು ಹೆಸರಲ್ಲ. ಜೋಗುಳ ಹಾಡಬ್ಯಾಡ್ರಿ. ಈ ಕೂಸು ತನ್ನ ಹೆಸರು ಕೇಳಿ ಅತ್ತ ದಿನ ಹಾಡೋಣು. ಹಿಂಗೇ ನಡೀತಂದ್ರ ಒಂದಿನ ಏಳಂಗೇ ಇಲ್ಲ ಇದು. ನಿಮ್ಮವೂ ಅಷ್ಟೇ."

ಒಬ್ಬೊಬ್ಬಳೂ ತನ್ನ ಕೂಸನ್ನು ಎದೆಗೆ ಅವಚಿಕೊಂಡಳು. ಅಲ್ಲಿದ್ದ ಯಾವ ಕೂಸೂ ಅಳುತ್ತಿಲ್ಲ ಎಂಬುದು ಆಗ ಅವರ ತಲೆಗೆ ಹೊಳೆಯಿತು.

"ನಾಳಿಂದ ಕೊಡದಿದ್ರ ಆತು" ಎಂದಳು ಅಕ್ಬರಿ.

"ಒಮ್ಮೆಲೇ ಬಿಡಿಸಿದ್ರ ಕೂಸು ತಡಕೊಳ್ಳಂಗಿಲ್ಲ" ಎಂದಳು ಶಿವಕಾಂತಮ್ಮ. "ಅರ್ಧ ಕೊಡ್ರಿ. ಆಮ್ಯಾಲ ಅರ್ಧದಾಗ ಅರ್ಧ. ಆಮ್ಯಾಲ ಸಾಸಿವಿಯಷ್ಟು. ಉಳಿದದ್ದು ಚೆಲ್ಲಬ್ಯಾಡ್ರಿ, ಸೆರಗಿಗೆ ಕಟ್ಟಿಡ್ರಿ. ಎಲ್ಲಾವೂ ತಯಾರಾದ ಮ್ಯಾಲ ಒಂದೇ ದಿನ ಎಲ್ಲಾರೂ ಬಿಡ್ರಿ. ಅಳಲಿ. ಅತ್ತಾಗ ಎದ್ದು ಹಾಲು ಕುಡಿಸ್ರಿ. ತಾಯಂದಿರು ಮಾಡೋ ಕೆಲಸ ಅದೇ ಅಲ್ಲೇನು?"

ಒಬ್ಬಳು ಹಿಂದೆ ಸರಿದರೂ ಉಳಿದವರ ಕೆಲಸ ಹೋದಂತೆಯೇ. ಅದಕ್ಕೆ ಆಣೆ ಬೇಕಿತ್ತು. ಅವರು ತಮ್ಮ ತಮ್ಮ ಕೂಸುಗಳನ್ನು ಅದೇ ತೊಟ್ಟಿಲ ಕೆಳಗಿಂದ ಒಬ್ಬರಿಗೊಬ್ಬರು ದಾಟಿಸಿದರು. "ನನ್ನ ಕೂಸು ನಿನ್ನ ಕೈಯಾಗ" ಎಂದು ಈ ಕಡೆಯವಳು, "ನಿನ್ನ ಕೂಸು ನನ್ನ ಕೈಯಾಗ" ಎಂದು ಆ ಕಡೆಯವಳು. ಇದನ್ನೇ ಕಲಬುರ್ಗಿಯ ಬೇವಿನ ಮರದಡಿ ಮಾಡಿದ್ದರೆ ಪೊಲೀಸರು ಬರುತ್ತಿದ್ದರು. ಕಮಲಾಪುರದ ತೊಟ್ಟಿಲ ಕಾರ್ಯಕ್ಕೆ ಯಾವ ಪೊಲೀಸು ಬರುತ್ತಾನೆ? ಗಂಡಸರು ಹೊರಗೆ ಕಟ್ಟೆಯ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತಿದ್ದರು.

ಆಮೇಲಿನ ದಿನಗಳಲ್ಲಿ ಖಂಡೆಪ್ಪನ ಕಣ್ಣೆದುರೇ ಗುಳಿಗೆಗಳು ಸಣ್ಣವಾದವು. ಉಗುರಿನಿಂದ ಕೆರೆದು ತುಸು ಕೂಸಿನ ಬಾಯಿಗೆ, ಮಿಕ್ಕಿದ್ದು ಸೆರಗಿನ ಗಂಟಿಗೆ. ಬೇರೆ ಕೂಸುಗಳು ಮೆಲ್ಲಗೆ ಕೊಸರಾಡಲು ಕಲಿತವು, ಬೆರಳು ಚೀಪಲು ಕಲಿತವು. ಸೂಗಮ್ಮನದು ಮಾತ್ರ ಕಣ್ಣು ಬಿಟ್ಟರೂ ಸುಮ್ಮನೆ ಮೇಲೆ ನೋಡುತ್ತಿತ್ತು. ಅವಳು ರಾಟೆ ತಿರುಗಿಸುತ್ತ ಬೆನ್ನ ಹಿಂದೆ ಕಿವಿ ಇಟ್ಟು ಕೂರುತ್ತಿದ್ದಳು. ಈ ಕೂಸು ಮುಂದೆಂದೂ ಅಳದಿದ್ದರೆ ಎಂಬ ಭಯ ಅವಳನ್ನು ರಾತ್ರಿಯೂ ಮಲಗಗೊಡುತ್ತಿರಲಿಲ್ಲ.

ಗೊತ್ತು ಮಾಡಿದ ದಿನ ಬಂತು. ಯಾರೂ ಏನೂ ಕೊಡಲಿಲ್ಲ. ಭೋಂಗಾ ಕೂಗಿತು, ರಾಟೆಗಳು ತಿರುಗಿದವು. ಮೊದಲು ಬಾಯಿ ತೆಗೆದವಳು ಅಕ್ಬರಿಯ ಮಗಳು ಜಾಹೇದಾ, ತಾಯಿಗೆ ತಕ್ಕ ಮಗಳು. ಅವಳ ದನಿಗೆ ಪಕ್ಕದ ಜೋಳಿಗೆ ಎದ್ದಿತು, ಅದರ ದನಿಗೆ ಆಚೆಯದು. ನೋಡನೋಡುತ್ತ ಇಡೀ ಖೋಲಿ ಚೀರತೊಡಗಿತು. ಹೆಂಗಸರು ಒಬ್ಬೊಬ್ಬರಾಗಿ ರಾಟೆ ಬಿಟ್ಟು ಎದ್ದು, ಕೂಸನ್ನು ಮಡಿಲಿಗೆ ಹಾಕಿಕೊಂಡು ಕೂತರು.

ಖಂಡೆಪ್ಪ ಓಡಿಬಂದ. "ಗುಳಿಗಿ ಕೊಟ್ಟಿಲ್ಲೇನು?"

"ನಿಮ್ಮ ಮಾಲು ಹಳೇದಾಗ್ಯಾದ ಕಾಣ್ತದ, ಜಾಬರ್ ಸಾಬ್" ಎಂದಳು ಅಕ್ಬರಿ, ಮುಖದಲ್ಲಿ ನಗುವಿನ ಗೆರೆಯೂ ಇಲ್ಲದೆ.

ಮ್ಯಾನೇಜರ್ ಸಾಹೇಬ ಬಂದು ಕಿವಿ ಮುಚ್ಚಿಕೊಂಡು ನಿಂತ, ಆಮೇಲೆ ಠಾಣೆಗೆ ಆಳು ಅಟ್ಟಿದ: ಹೆಂಗಸರು ಹರತಾಳ ಹೂಡಿದ್ದಾರೆ. ಮಧ್ಯಾಹ್ನದ ಹೊತ್ತಿಗೆ ಠಾಣೆಯ ಮುಖ್ಯಸ್ಥ ಅಮೀನ್ ಫಕ್ರುದ್ದೀನ್ ಸಾಹೇಬರು ಪೊಲೀಸ್ ಜವಾನರನ್ನು ಕಟ್ಟಿಕೊಂಡು ಬಂದರು. ಲಾಠಿ ಹಿಡಿದು ಒಳಗೆ ಕಾಲಿಟ್ಟವರು ಅಲ್ಲೇ ನಿಂತರು. ಸಭೆ ಇಲ್ಲ, ಭಾಷಣ ಇಲ್ಲ, ಘೋಷಣೆ ಇಲ್ಲ. ತಾಯಂದಿರು ಹಾಲು ಕುಡಿಸುತ್ತಿದ್ದಾರೆ. ಜವಾನರು ನಾಚಿಕೊಂಡು ಗೋಡೆಯ ಕಡೆ ತಿರುಗಿದರು.

"ಹರತಾಳದ ಮುಖಂಡರು ಯಾರು?" ಎಂದು ಅಮೀನರು ತಾವೂ ಬಾಗಿಲ ಕಡೆ ಮುಖ ಮಾಡಿ ಕೇಳಿದರು.

"ಹರತಾಳ ಎಲ್ಲದ್ರೀ ಸಾಹೇಬರ" ಎಂದಳು ಅಕ್ಬರಿ. "ನಾವು ಕೆಲಸಕ್ಕ ಬಂದೀವಿ. ಕೂಸುಗೋಳು ಅಳಾಕತ್ತಾವ. ಮುಖಂಡರು ಬೇಕಂದ್ರ ಇಕಿ ನೋಡ್ರಿ, ಜಾಹೇದಾ. ಮದ್ಲ ಸುರು ಮಾಡಿದಾಕಿ ಇಕಿನೇ."

ಹೊರಗೆ ಬಾಗಿಲಲ್ಲಿ ನಗು ಕೇಳಿತು. ಮಗ್ಗದ ಖಾತೆಯ ಗಂಡಸರು ಗುಂಪಾಗಿ ಬಂದು ನಿಂತಿದ್ದರು. ಎಲ್ಲರ ಮುಂದೆ ಸಾಯಬಣ್ಣ.

ಅಷ್ಟರಲ್ಲಿ ಹಾಲು ಕುಡಿದ ಕೂಸುಗಳು ತುಸು ಸುಮ್ಮನಾದವು. ಮ್ಯಾನೇಜರನಿಗೆ ಧೈರ್ಯ ಬಂತು. ಅವನ ಕಣ್ಣು ಸೂಗಮ್ಮನ ಜೋಳಿಗೆಯ ಮೇಲೆ ಬಿತ್ತು. ಬೆಳಗಿನಿಂದ ಅದೊಂದೇ ಸದ್ದು ಮಾಡಿರಲಿಲ್ಲ.

"ಇಕಿನ್ನ ನೋಡಿ ಕಲೀರಿ" ಎಂದ. "ಇಕಿ ಶಾಣ್ಯಾಕಿ, ಗುಳಿಗಿ ಕೊಟ್ಟಾಳ. ಇಕಿ ನೌಕರಿ ಪಕ್ಕಾ. ಉಳಿದವರು ನಾಳಿಂದ ಬರಬ್ಯಾಡ್ರಿ."

ಖೋಲಿಯ ಕಣ್ಣುಗಳೆಲ್ಲ ಸೂಗಮ್ಮನ ಕಡೆ ತಿರುಗಿದವು. ತೊಟ್ಟಿಲ ಕೆಳಗೆ ಕೂಸು ದಾಟಿಸಿದವರ ಕಣ್ಣುಗಳು ಅವು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವಳಿಗೆ.

"ನಾ ಕೊಟ್ಟಿಲ್ಲ" ಎಂದಳು. "ನನ್ನ ಕೂಸಿನ ಆಣಿ, ಕೊಟ್ಟಿಲ್ಲ. ಅದಕ್ಕ ಅಳೋದೇ ಮರ್ತು ಹೋಗ್ಯಾದ."

ಅಕ್ಬರಿ ತನ್ನ ಮಗಳನ್ನು ಸೂಗಮ್ಮನ ಕೈಗೆ ಹಾಕಿ, ಜೋಳಿಗೆಯಿಂದ ಆ ಕೂಸನ್ನು ಎತ್ತಿಕೊಂಡಳು. ಮ್ಯಾನೇಜರ್, ಅಮೀನ್, ಜವಾನರು ಯಾರನ್ನೂ ಲೆಕ್ಕಕ್ಕೆ ಹಿಡಿಯದೆ ಅದರ ಕಿವಿಗೆ ಬಾಯಿಟ್ಟು, ಇದ್ದ ಉಸಿರನ್ನೆಲ್ಲ ಹಾಕಿ ಕೂಗಿದಳು.

"ಕುರ್ರ್... ಜಗದೇವಾ."

ಕೂಸಿನ ಮೈ ಒಮ್ಮೆ ಬೆಚ್ಚಿತು. ಕೈ ಎರಡೂ ಮೇಲೆ ಹಾರಿದವು. ಹುಬ್ಬು ಗಂಟಾಯಿತು, ಕೆಳತುಟಿ ಹೊರಳಿತು, ಮುಖ ಕಮಲಾಪುರದ ಬಾಳೆಹಣ್ಣಿನಂತೆ ಕೆಂಪಾಯಿತು. ಆಮೇಲೆ ಜಗದೇವ ಬಾಯಿ ತೆಗೆದ. ಹುಟ್ಟಿದಾಗಿನಿಂದ ಕೂಡಿಟ್ಟದ್ದನ್ನೆಲ್ಲ ಒಮ್ಮೆಲೇ ಅತ್ತ. ಅವನ ಅಳು ಕೇಳಿ ಹಾಲು ಕುಡಿದು ಸುಮ್ಮನಾದವೂ ಮತ್ತೆ ಶುರು ಹಚ್ಚಿಕೊಂಡವು. ಹೆಂಗಸರು ಎದ್ದು ಬಂದು ಅಕ್ಬರಿಯ ಬೆನ್ನಿಗೆ ಧಪಧಪ ಗುದ್ದಿದರು, ಕಮಲಾಪುರದಲ್ಲಿ ಬಾಕಿ ಉಳಿದ ಗುದ್ದುಗಳನ್ನೂ ಸೇರಿಸಿ. ಅಕ್ಬರಿ ಗುದ್ದು ತಿನ್ನುತ್ತ ನಗುತ್ತಿದ್ದಳು. ಬಾಗಿಲಲ್ಲಿ ಸಾಯಬಣ್ಣ ರುಮಾಲಿನಿಂದ ಕಣ್ಣು ಒರೆಸಿಕೊಂಡ.

"ಅದರ ಬಾಯಿ ಮುಚ್ಚಿಸು" ಎಂದ ಮ್ಯಾನೇಜರ್.

"ಇಲ್ರೀ" ಎಂದಳು ಸೂಗಮ್ಮ. ಅಷ್ಟು ದೊಡ್ಡ ಮನುಷ್ಯನಿಗೆ ಅವಳು ಇಲ್ಲ ಎಂದದ್ದು ಅದೇ ಮೊದಲು. "ಅಳಲಿ. ನನಗ ಕೇಳಬೇಕಾಗ್ಯಾದ."

ಹಾಗೆಂದವಳೇ ಅಮೀನರ ಮುಂದೆ ಹೋಗಿ ಸೆರಗಿನ ಗಂಟು ಬಿಚ್ಚಿದಳು. ಅವಳ ಹಿಂದೆ ಉಳಿದವರೂ ಬಿಚ್ಚಿದರು. ನೆಲದ ಮೇಲೆ ಕರಿ ಗುಳಿಗೆ, ಮುರುಕು ಗುಳಿಗೆ ರಾಶಿ ಬಿದ್ದವು. ಅಮೀನರು ಒಂದನ್ನು ಎತ್ತಿ ಮೂಸಿ ನೋಡಿದರು.

"ಅಫೀಮು" ಎಂದರು ಮ್ಯಾನೇಜರನ ಕಡೆ ತಿರುಗಿ. "ಇದನ್ನ ಹಂಚಲಿಕ್ಕೆ ಸರಕಾರದ ಪರವಾನಗಿ ಅದ ಏನ್ರೀ ನಿಮ್ಮ ಹತ್ರ?"

ಮ್ಯಾನೇಜರ್ ಖಂಡೆಪ್ಪನ ಕಡೆ ನೋಡಿದ. ಖಂಡೆಪ್ಪ ನೆಲದ ಕಡೆ ನೋಡಿದ.

"ನಾನೀಗ ಎರಡು ರಪೋಟ್ ಬರೀಬಹುದು" ಎಂದರು ಅಮೀನರು. "ಕೂಸುಗೋಳು ಬಗಾವತ್, ದಂಗೆ ಮಾಡ್ಯಾವ ಅಂತ ಬರೆದರೆ ಮ್ಯಾಲಿನವರು ನನಗೆ ಹುಚ್ಚು ಹಿಡಿದದ ಅಂತಾರ. ಇದರ ಮ್ಯಾಲ ಬರೆದರೆ ನೀವು ನನ್ನ ಜೋಡಿ ಠಾಣೆಗೆ ಬರಬೇಕಾಗ್ತದ. ಇಲ್ಲಾಂದ್ರ ಈ ತಾಯಂದಿರಿಗೆ ಏನು ಬೇಕು, ಕೇಳ್ರಿ."

ಕೇಳಬೇಕಾಯಿತು. ಸೂಗಮ್ಮನೇ ಹೇಳಿದಳು: ಕೂಸುಗಳಿಗೆ ಧೂಳಿಲ್ಲದ ಒಂದು ಖೋಲಿ, ನೋಡಿಕೊಳ್ಳಲು ಒಬ್ಬ ಹಿರಿ ಹೆಂಗಸು, ಬೆಳಿಗ್ಗೆ ಒಮ್ಮೆ ಮಧ್ಯಾಹ್ನದ ಮೇಲೆ ಒಮ್ಮೆ ಎದ್ದು ಹೋಗಿ ಹಾಲು ಕುಡಿಸಲು ಬಿಡುವು. ಯಾರ ಕೆಲಸವೂ ಹೋಗಬಾರದು. ಬಾಗಿಲಲ್ಲಿದ್ದ ಗಂಡಸರು ಇದೇ ಸಮಯವೆಂದು ತಮ್ಮ ಊಟದ ಬಿಡುವನ್ನೂ ಸೇರಿಸಿದರು. ಜಗದೇವ ನಡುನಡುವೆ ಚೀರಿ ಒಪ್ಪಿಗೆ ಹಾಕುತ್ತಿದ್ದ. ಅವನ ಚೀರಾಟಕ್ಕೇ ಮ್ಯಾನೇಜರ್ ಬೇಗ ಬೇಗ ಹೂಂ ಎಂದನೆಂದು ಅಕ್ಬರಿ ಮುಂದೆ ಸಾಯುವವರೆಗೂ ಹೇಳುತ್ತಿದ್ದಳು.

ಹಳೆ ಹತ್ತಿ ಗೋದಾಮು ಖಾಲಿಯಾಯಿತು, ಸುಣ್ಣ ಕಂಡಿತು. ಗೋಡೆಗೆ ಗೂಟ ಹೊಡೆಯುವ ಕೆಲಸ ಖಂಡೆಪ್ಪನ ಪಾಲಿಗೇ ಬಂತು. ಬೆವರು ಸುರಿಸುತ್ತ ಹೊಡೆದ. "ಇದು ಗಟ್ಟಿ ಅದ ಏನ್ ನೋಡ್ರಿ" ಎಂದು ಹೆಂಗಸರನ್ನು ಕರೆದು ಕೇಳಿದ. ಕೂಸು ನೋಡಿಕೊಳ್ಳಲು ಕಮಲಾಪುರದಿಂದ ಶಿವಕಾಂತಮ್ಮ ಬಂದಳು, ತಲೆಯ ಮೇಲೆ ಬಾಳೆಗೊನೆ ಹೊತ್ತುಕೊಂಡು. ಬಂದ ದಿನವೇ ಎಲ್ಲರನ್ನೂ ಕೂಡಿಸಿ, ಬಾಕಿ ಉಳಿದ ಜೋಗುಳವನ್ನು ಪೂರ್ತಿ ಹಾಡಿಸಿದಳು. ಯಾರೂ ಪರವಾನಗಿ ಕೇಳಲಿಲ್ಲ.

ಮರುದಿನ ಸೂಗಮ್ಮ ರಾಟೆಯ ಮುಂದೆ ಕೂತಿದ್ದಳು. ಅಂಗಳದಾಚೆ ಗೋದಾಮಿನಿಂದ ಹತ್ತಾರು ದನಿಗಳ ನಡುವೆ ಒಂದು ದನಿ ಎದ್ದು ಬಂತು.

"ಯಾರ ಕೂಸು ಅದು, ಕಿವಿ ಹರಿಯಾಕತ್ತದ?" ಎಂದು ಯಾರೋ ಬೈದರು.

"ನಂದು" ಎಂದಳು ಸೂಗಮ್ಮ. ರಾಟೆ ನಿಲ್ಲಿಸಿ ಎದ್ದಳು. ಬಾಗಿಲಲ್ಲಿ ನಿಂತಿದ್ದ ಖಂಡೆಪ್ಪ ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟ.