ಏಣಿ ಇಟ್ಟವರು ಯಾರು?

ಹಲ್ಲಿನ ಸೆಟ್ಟು ಮಾಡುವ ಆತ ಆರು ತಿಂಗಳಿಂದ ಬಿಡುವಿದ್ದಾಗಲೆಲ್ಲ ಊರಿನ ಕರಕುಶಲ ಪ್ರದರ್ಶನಕ್ಕೆಂದು ಒಂದು ಅಂತರಿಕ್ಷ ನೌಕೆಯ ಮಾದರಿ ಕಟ್ಟುತ್ತಿದ್ದ. ಒಡಲಿಗೆ ಶಾಂಪೂ ಬಾಟಲಿ, ಎಂಜಿನ್ನಿಗೆ ಪೆನ್ನಿನ ಮುಚ್ಚಳ. ಕೆಳಗೆ ಪ್ಲಾಸ್ಟರಿನಲ್ಲಿ ಎರೆದ ಕೆಂಪು ನೆಲ, ಅದರ ಮೇಲೆ ಕಿರುಬೆರಳ ಉಗುರಿನಷ್ಟೆತ್ತರದ ಒಬ್ಬ ಯಾತ್ರಿ.

ಒಂದು ಬೆಳಗ್ಗೆ ನೋಡಿದರೆ ನೌಕೆಯ ಬಾಗಿಲಿಗೆ ಏಣಿಯೊಂದು ಒರಗಿತ್ತು! ಹೇರ್‌ಪಿನ್ ತುಂಡುಗಳ ಹನ್ನೊಂದು ಮೆಟ್ಟಿಲು, ಒಂದೂ ಸೊಟ್ಟಗಿಲ್ಲ. ಅವನಿಗೆ ಸಂಶಯವೇ ಇರಲಿಲ್ಲ: ಇದು ಭಾವಮೈದುನನದೇ ಕೆಲಸ. ‘ಆಟದ ಸಾಮಾನು’ ಎಂದು ಹಲ್ಲು ಕಿರಿದವನು ಈಗ ಪ್ರದರ್ಶನದ ಹೊತ್ತಿಗೆ ಹೆಸರಿನಲ್ಲಿ ಪಾಲು ಕೇಳಲು ಹೊಂಚು ಹಾಕಿದ್ದಾನೆ! ಎರಡು ದಿನ ಭಾವಮೈದುನನ ಬೆರಳುಗಳಲ್ಲಿ ಅಂಟಿನ ಕಲೆ ಹುಡುಕಿದ. ಹೆಂಡತಿ ನಕ್ಕರೂ ಅನುಮಾನ, ಸುಮ್ಮನಿದ್ದರೂ ಅನುಮಾನ. ಮೂರನೆಯ ದಿನ ಮನೆಯವರೆಲ್ಲ ಊಟಕ್ಕೆ ಕೂತಾಗ ತಡೆಯಲಾಗಲಿಲ್ಲ.

“ಏಣಿ ಇಟ್ಟಿದ್ದು ನೀನೇ ತಾನೆ?”

ಭಾವಮೈದುನ ಕಣ್ಣುಕಣ್ಣು ಬಿಟ್ಟ. “ಯಾವ ಏಣಿ, ಭಾವ?”

“ಅದು ನಾನಪ್ಪಾ,” ಎಂದರು ಅತ್ತೆ. ರೇಡಿಯೋ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಬೆಸುಗೆ ಹಾಕಿದ ಕೈ ಅವರದು. “ಅಷ್ಟೆತ್ತರದ ಬಾಗಿಲಿಂದ ಆ ಮನುಷ್ಯ ಹೇಗಪ್ಪ ಇಳಿದ ಅಂತ ನಂಗೇ ಅನುಮಾನ ಬಂತು. ಕೇಳಿದ್ರೆ ಬೇಜಾರು ಮಾಡ್ಕೋತೀರೇನೋ ಅಂತ ಸುಮ್ನಿದ್ದೆ.”

ಆರು ತಿಂಗಳಲ್ಲಿ ಅವನಿಗೆ ಹೊಳೆಯದ ಪ್ರಶ್ನೆ ಅದು. ಭಾವಮೈದುನನಿಗೆ “ತಪ್ಪಾಯ್ತು ಕಣೋ” ಎಂದ. ಸಂಜೆ ಮೇಜಿನ ಬಳಿ ಇನ್ನೊಂದು ಕುರ್ಚಿ ಹಾಕಿ, ಆಂಟೆನಾ ಮಾಡಿಕೊಡಿ ಎಂದು ಅತ್ತೆಯ ಮುಂದೆ ತಂತಿಯ ಸುರುಳಿ ಇಟ್ಟ.