ಮರಳಿನ ಮೂಟೆ ಆಡಿದ ಆಟ

ನಮ್ಮ ಮನೆಯವರು ಲಿಫ್ಟ್ ಇನ್‌ಸ್ಪೆಕ್ಟರ್. ಹೊಸ ಕಟ್ಟಡಕ್ಕೆ ಲಿಫ್ಟ್ ಹಾಕಿದ ಮೇಲೆ ಅದನ್ನು ಮೊದಲು ಹತ್ತುವುದು ಮನುಷ್ಯರಲ್ಲ, ಮರಳಿನ ಮೂಟೆಗಳು. ಮೂಟೆ ತುಂಬಿಸಿ ಮೇಲೆ ಕೆಳಗೆ ಓಡಿಸಿ, ಬ್ರೇಕು ಬಾಗಿಲು ಎಲ್ಲ ನೋಡಿ ಇವರು ಸಹಿ ಹಾಕಿದ ಮೇಲೆಯೇ ಜನ ಕಾಲಿಡಬೇಕು. ಕೆಲಸದಲ್ಲಿ ಇದು ಒಳ್ಳೆಯ ಗುಣವೇ. ಮನೆಯಲ್ಲಿ ಇದನ್ನು ಕಟ್ಟಿಕೊಂಡು ಏಗುವುದು ಹೇಗೆಂದು ನನ್ನನ್ನು ಕೇಳಬೇಕು. ಹೊಸ ಕುಕ್ಕರ್ ತಂದರೆ ಮೂರು ದಿನ ಅದರಲ್ಲಿ ಬರೀ ನೀರು ಕುದಿಯುತ್ತದೆ.

ಇಂಥವರು ಹನ್ನೊಂದು ವರ್ಷದ ಹಿಂದೆ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಒಂದು ಕಂಪ್ಯೂಟರ್ ಆಟದ ಮೊದಲ ಹತ್ತು ನಿಮಿಷ ನೋಡಿ ಬಂದರು. ಪ್ರಪಂಚವೆಲ್ಲ ಹಾಳಾಗಿಹೋದ ಮೇಲಿನ ಕಥೆ. ಊರೆಲ್ಲ ಬೂದಿ, ಉಳಿದವರು ನಾಲ್ಕು ಜನ, ಕೈಯಲ್ಲೊಂದು ಬಂದೂಕು. ಪೀಠಿಕೆಯ ಚಿತ್ರ ಮುಗಿದು ಆಡಲು ಶುರುವಾಗುವಷ್ಟರಲ್ಲಿ ಆ ಮನೆಯ ಕರೆಂಟು ಹೋಯಿತು. ಇವರು ಅರ್ಧ ಊಟದಿಂದ ಎಬ್ಬಿಸಿದವರ ಮುಖ ಮಾಡಿಕೊಂಡು ಮನೆಗೆ ಬಂದು, ಎಂದಾದರೂ ಒಂದು ದಿನ ಇದನ್ನು ಮೊದಲಿನಿಂದ ಕೊನೆಯವರೆಗೆ ಆಡಬೇಕು ಎಂದರು.

ಆ ಒಂದು ದಿನ ಬರುವಷ್ಟರಲ್ಲಿ ಆಟದ ಎರಡನೇ ಭಾಗ ಬಂತು, ಮೂರನೆಯದೂ ಬಂತು. ಇವರು ಮಾತ್ರ ಕಥೆಯ ಒಂದಕ್ಷರವೂ ಕಿವಿಗೆ ಬೀಳದ ಹಾಗೆ ಬದುಕಿದರು. ಆಫೀಸಿನ ಕ್ಯಾಂಟೀನಿನಲ್ಲಿ ಹುಡುಗರು ಆ ವಿಷಯ ಎತ್ತಿದರೆ ತಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಹೋಗಿ ಕೂತು ಉಣ್ಣುತ್ತಿದ್ದರಂತೆ. ಏನೂ ಗೊತ್ತಿಲ್ಲದೆ ಆ ಬೂದಿಯ ಊರಿಗೆ ಕಾಲಿಡಬೇಕು, ಅಷ್ಟೇ ಇವರ ಆಸೆ. ಕುಡಿಯದ, ಇಸ್ಪೀಟು ಮುಟ್ಟದ ಗಂಡಸಿನ ಏಕೈಕ ಆಸೆ ಎಂದು ನಾನೂ ಬೆಲೆ ಕೊಟ್ಟೆ.

ಈ ವರ್ಷ ಕೊನೆಗೂ ಒಂಬತ್ತು ದಿನ ರಜೆ ಮಂಜೂರಾಯಿತು. ರಜೆಗೆ ಆರು ವಾರ ಮುಂಚೆ ತಯಾರಿ ಶುರು. ಕಂಪ್ಯೂಟರ್ ಅಂಗಡಿಯವನು ಮನೆಗೇ ಬಂದು ಹೊಸ ಪೆಟ್ಟಿಗೆ ಜೋಡಿಸಿಕೊಟ್ಟ. ಮೂರನೇ ಭಾಗ ಎಲ್ಲಕ್ಕಿಂತ ಚೆನ್ನಾಗಿದೆ, ನೇರ ಅದನ್ನೇ ಆಡಿ ಸಾರ್ ಎಂದು ಅವನು ಬಾಯಿ ತಪ್ಪಿ ಅಂದ. ಇವರು ಅವನನ್ನು ಕೂರಿಸಿಕೊಂಡು, ಕೆಳಗಿನ ಮಹಡಿ ಕಟ್ಟದೆ ಮೂರನೇ ಮಹಡಿಗೆ ಲಿಫ್ಟ್ ಬಿಡುತ್ತೀಯೇನಯ್ಯ ಎಂದು ಕಾಲು ಗಂಟೆ ಪಾಠ ಮಾಡಿದರು. ಪಾಪ, ಕೊಟ್ಟ ಟೀಯನ್ನೂ ಪೂರ್ತಿ ಕುಡಿಯದೆ ಅವನು ಎದ್ದು ಹೋದ.

ಆಮೇಲೆ ಗೋಡೆಗೊಂದು ಪಟ್ಟಿ ಅಂಟಿತು. ನಲವತ್ತೊಂದು ಸಾಲು. ಕುರ್ಚಿಯ ಎತ್ತರ, ಕಿಟಕಿಯಿಂದ ಪರದೆಗೆ ಬೀಳುವ ಬೆಳಕು, ಹೆಡ್‌ಫೋನು ಕಿವಿ ಒತ್ತುತ್ತದೆಯೇ, ಮೌಸು ಮೇಜಿನ ಅಂಚಿಗೆ ತಾಗುತ್ತದೆಯೇ. ಪ್ರತಿ ಸಾಲಿನ ಎದುರು ಎರಡು ಸಹಿ ಬೇಕು, ಪರೀಕ್ಷಿಸಿದವರದು ಒಂದು, ಒಪ್ಪಿದವರದು ಒಂದು. ಒಪ್ಪುವ ಅಧಿಕಾರಿ ನಾನೇ. ಕುರ್ಚಿಯಲ್ಲಿ ಇವರು ಕೂತು ಎದ್ದು ಕೂತು ಎದ್ದು ತೋರಿಸಿದ ಮೇಲೆ ಒಪ್ಪಿ ಸಹಿ ಹಾಕಿದೆ.

ನಾನು ಆಗ ಮನೆಯಲ್ಲೇ ಬಿದ್ದಿದ್ದೆ. ನನ್ನ ಕೆಲಸ ವಿಮಾನ ನಿಲ್ದಾಣದಲ್ಲಿ. ಪ್ರಯಾಣಿಕರ ಬ್ಯಾಗುಗಳು ಎಕ್ಸ್‌ರೇ ಯಂತ್ರದೊಳಗೆ ಹೋಗುವಾಗ ಪರದೆ ನೋಡುತ್ತಾ ಕೂರುವವಳು ನಾನು. ಹತ್ತೊಂಬತ್ತು ವರ್ಷದಿಂದ ಜನರ ಬ್ಯಾಗಿನ ಹೊಟ್ಟೆಯೊಳಗಿನ ಗುಟ್ಟೆಲ್ಲ ನೋಡಿದ್ದೇನೆ. ಅಂಥವಳು, ‘ನೆಲ ಒದ್ದೆಯಾಗಿದೆ’ ಎಂಬ ಹಳದಿ ಬೋರ್ಡು ಕಣ್ಣೆದುರಿಗೇ ಇದ್ದರೂ ಅದರ ಪಕ್ಕದಲ್ಲೇ ಜಾರಿ ಬಿದ್ದು ಎಡಗಾಲು ಮುರಿದುಕೊಂಡೆ. ಮಂಡಿಯವರೆಗೆ ಪ್ಲಾಸ್ಟರು, ಎಂಟು ವಾರ ವಿಶ್ರಾಂತಿ.

ಪಟ್ಟಿಯ ಮೂವತ್ತೆಂಟನೇ ಸಾಲು ಲೋಡ್ ಪರೀಕ್ಷೆ. ಆಟದ ಚಿತ್ರ ಮೂಡಿಸುವ ಕಾರ್ಡು ಕೆಲಸ ಹೆಚ್ಚಾದಷ್ಟೂ ಕಾಯುತ್ತದಂತೆ. ನಲವತ್ತು ಗಂಟೆ ಆಟ ಓಡಿಸಿ ಗಂಟೆಗೊಮ್ಮೆ ಬಿಸಿ ಎಷ್ಟಾಯಿತೆಂದು ಬರೆದಿಡಬೇಕು. ಸುಮ್ಮನೆ ತೆರೆದಿಟ್ಟರೆ ಸಾಲದು, ಒಳಗೆ ಯಾರಾದರೂ ಓಡಾಡುತ್ತಿರಬೇಕು. ಇವರು ಓಡಾಡುವ ಹಾಗಿಲ್ಲ, ಆಟ ಕಂಡುಬಿಡುತ್ತದೆ. ಕೆಲಸಕ್ಕೆ ಹೊರಡುವ ಮುಂಚೆ ನನ್ನ ಮುಂದೆ ನಿಂತು ಹೇಗೆ ಕೇಳುವುದೋ ತಿಳಿಯದೆ ಕತ್ತು ಕೆರೆದುಕೊಂಡರು.

ಅಂದರೆ ನಾನು ನಿಮ್ಮ ಮರಳಿನ ಮೂಟೆ ಎಂದೆ. ಹಾಗಂದುಕೋಬಾರದು ಎಂದರು, ಆದರೆ ಅಲ್ಲ ಎನ್ನಲಿಲ್ಲ.

ಕಟ್ಟುಪಾಡು ಹೇಳಿಕೊಟ್ಟರು. ಮೊದಲ ಬೀದಿಯಲ್ಲೇ ಅತ್ತಿಂದಿತ್ತ ನಡೆಯಬೇಕು. ಬಾಗಿಲು ತೆರೆಯಬಾರದು, ಯಾರನ್ನೂ ಮಾತಾಡಿಸಬಾರದು, ಏನನ್ನೂ ಓದಬಾರದು. ನಿನ್ನ ಮುಖ ನೋಡಿದರೆ ಎಲ್ಲ ಗೊತ್ತಾಗಿಬಿಡುತ್ತದೆ, ಅದಕ್ಕೇ ನಿನಗೂ ಕಥೆ ಗೊತ್ತಿರಕೂಡದು ಎಂದರು. ನಾನು ತಲೆ ಮುಟ್ಟಿಕೊಂಡು ಮಾತು ಕೊಟ್ಟೆ. ಕೊಡುವಾಗ ಮನಸ್ಸಿನಲ್ಲಿ ಏನೂ ಕಪಟವಿರಲಿಲ್ಲ, ಇದನ್ನು ನಂಬಬೇಕು.

ಮೊದಲ ದಿನ ಮೂರು ಗಂಟೆ ಆ ಬೀದಿಯಲ್ಲಿ ನಡೆದೆ. ಮುರಿದ ಕಾಲಿನವಳಿಗೆ ನಡೆಯುವುದೇ ಒಂದು ಸುಖ, ಅದು ಬೂದಿ ಬಿದ್ದ ಬೀದಿಯಾದರೂ ಸರಿ. ಇಟ್ಟಿಗೆ ಇಟ್ಟಿಗೆ ಪರಿಚಯವಾಯಿತು. ಬಿಸಿ ಐವತ್ತೆಂಟು ಡಿಗ್ರಿ ಎಂದು ಶ್ರದ್ಧೆಯಿಂದ ಬರೆದೆ. ನಾಲ್ಕನೇ ಗಂಟೆಗೆ ಗೋಡೆಯ ಮೂಲೆಯಲ್ಲಿ, ಕಸದ ರಾಶಿಯ ಹಿಂದೆ ನನಗೊಂದು ಬ್ಯಾಗು ಕಾಣಿಸಿತು.

ವಾರಸುದಾರರಿಲ್ಲದ ಬ್ಯಾಗು. ಹತ್ತೊಂಬತ್ತು ವರ್ಷ ನಾನು ಉಂಡ ಅನ್ನ ಇದರದ್ದೇ. ಇಂಥದೊಂದು ಬಿದ್ದಿದ್ದಕ್ಕೆ ಇಡೀ ನಿಲ್ದಾಣವನ್ನು ನಿಲ್ಲಿಸಿದವಳು ನಾನು. ಒಮ್ಮೆ ದಾಟಿ ಹೋದೆ. ಇನ್ನೊಮ್ಮೆ ದಾಟಿ ಹೋದೆ. ಮೂರನೇ ಸಲ ಕಾಲು ಮುಂದೆ ಹೋಗಲಿಲ್ಲ. ಬಾಗಿಲು ತೆರೆಯಬಾರದು ಎಂದಿದ್ದರೇ ಹೊರತು ಬ್ಯಾಗು ತೆರೆಯಬಾರದು ಎಂದಿರಲಿಲ್ಲ ಎಂದು ನನಗೆ ನಾನೇ ವಕೀಲಿ ಮಾಡಿಕೊಂಡೆ. ತೆರೆದೆ. ಒಳಗೊಂದು ಪಿಸ್ತೂಲು, ಒಂದು ಕಾಗದ. ಕಾಗದದಲ್ಲಿ ಏನಿತ್ತು ಎಂದು ಇಲ್ಲಿ ಹೇಳುವುದಿಲ್ಲ, ನೀವೂ ಆಡುವವರಿರಬಹುದು.

ಅಲ್ಲಿಂದ ನಾನು ನಾನಾಗಿ ಉಳಿಯಲಿಲ್ಲ. ಬೆಳಿಗ್ಗೆ ಇವರ ಸ್ಕೂಟರ್ ಸದ್ದು ತಿರುವಿನಲ್ಲಿ ಕರಗುವುದೇ ತಡ, ಕುಂಟಿಕೊಂಡು ಹೋಗಿ ಕುರ್ಚಿ ಹಿಡಿಯುತ್ತಿದ್ದೆ. ಪ್ಲಾಸ್ಟರ್ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಎಂಥೆಂಥ ದುಷ್ಟರನ್ನು ಮಲಗಿಸಿದೆ! ಕಸದಲ್ಲಿ ಅಡಗಿಸಿದ ಗುಂಡು, ಬಾಂಬು, ಚಾಕು ಯಾವುದೂ ನನ್ನ ಕಣ್ಣು ತಪ್ಪಿಸಲಿಲ್ಲ. ಕೋಟಿನೊಳಗೆ ಕೈಯಿಟ್ಟುಕೊಂಡು ನಗುತ್ತಾ ಬರುವವನು ಎಂಥವನೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಇವರು ಬರುವ ಹೊತ್ತಿಗೆ ಮತ್ತೆ ಹಳೇ ಬೀದಿಯನ್ನು ತೆರೆದಿಟ್ಟು, ಸೋಫಾದ ಮೇಲೆ ನರಳುತ್ತಾ ಮಲಗಿರುತ್ತಿದ್ದೆ.

ಸಿಕ್ಕಿಬೀಳಬೇಕಿತ್ತು, ಬೀಳಲಿಲ್ಲ. ಕಾದಾಟದಲ್ಲಿ ಕಾರ್ಡು ಎಂಬತ್ಮೂರು ಡಿಗ್ರಿ ಕಾದಿದ್ದನ್ನು ಪ್ರಾಮಾಣಿಕವಾಗಿ ಪುಸ್ತಕದಲ್ಲಿ ಬರೆದಿದ್ದೆ. ಅದನ್ನು ನೋಡಿ ಇವರು ಕುಣಿದಾಡುವುದೊಂದು ಬಾಕಿ. ಇದು ನಿಜವಾದ ಲೋಡ್, ನೀನು ಎಷ್ಟು ಚೆನ್ನಾಗಿ ನಡೆಯುತ್ತಿದ್ದೀಯ ಎಂದರು. ಹೀಗೆ ನಡೆಯುವವರು ಸಿಗುವುದಿಲ್ಲ, ಎರಡನೇ ಭಾಗವನ್ನೂ ಮೂರನೇ ಭಾಗವನ್ನೂ ಹೀಗೇ ಪರೀಕ್ಷೆ ಮಾಡಿಬಿಡು ಎಂದು ಪಟ್ಟಿಗೆ ಎರಡು ಸಾಲು ಸೇರಿಸಿದರು. ಬೇಡ ಎನ್ನಬಹುದಿತ್ತು. ನಾನು ಪೆನ್ನು ಕೊಡಿ ಎಂದೆ.

ಮೂರನೇ ಭಾಗ ಮುಗಿದದ್ದು ಒಂದು ಸೋಮವಾರ ಮಧ್ಯಾಹ್ನ. ಮುಗಿದ ಮೇಲೆ ಕಪ್ಪು ಪರದೆಯ ಮೇಲೆ ಹೆಸರುಗಳು ಸಾಲುಸಾಲಾಗಿ ಹೋಗುತ್ತಿದ್ದವು, ನಾನು ಗೊಳೋ ಎಂದು ಅಳುತ್ತಿದ್ದೆ. ನಮ್ಮ ಮದುವೆಯ ದಿನ ಕೂಡ ಅಷ್ಟು ಅತ್ತವಳಲ್ಲ. ತಡೆಯಲಾರದೆ ಅಕ್ಕನಿಗೆ ಫೋನು ಮಾಡಿ, ಹೀಗೊಬ್ಬಳು ಮುದುಕಿ ಇದ್ದಳು, ಕೊನೆಗೆ ಹೀಗಾಯಿತು ಎಂದು ಹೇಳಲು ಹೋದೆ. ಅಕ್ಕ ಇದು ಯಾವ ಧಾರಾವಾಹಿ, ಎಷ್ಟು ಗಂಟೆಗೆ ಬರುತ್ತೆ ಎಂದು ಕೇಳಿದಳು. ಆಟ ಎಂದಾಗ, ಕಾಲು ಮುರಿದಿದ್ದೋ ತಲೆಗೆ ಪೆಟ್ಟಾಗಿದ್ದೋ ಎಂದು ಕೇಳಿ ಫೋನಿಟ್ಟಳು.

ಸಂಜೆ ಇವರು ನನ್ನ ಕೆಂಪು ಕಣ್ಣು ನೋಡಿ ಕಾಲು ನೋವೇ ಎಂದರು. ಹೂಂ ಎಂದೆ. ಮಾತ್ರೆ ತಂದುಕೊಟ್ಟು, ದಿಂಬು ಎತ್ತರಿಸಿ, ಪಾತ್ರೆ ತಾವೇ ತೊಳೆದರು. ಪಾತ್ರೆಯ ಸದ್ದು ಕೇಳುತ್ತಾ ನನಗೆ ನನ್ನ ಮೇಲೇ ಅಸಹ್ಯವಾಯಿತು. ಹನ್ನೊಂದು ವರ್ಷ ಕಾದವರ ತಟ್ಟೆಯ ಊಟವನ್ನು ನಾನು ಉಂಡು ಮೂತಿ ಒರೆಸಿಕೊಂಡಿದ್ದೆ. ಇನ್ನು ಇವರು ಆಡಿ ಮುಗಿಸುವವರೆಗೆ ಬಾಯಿಗೆ ಬೀಗ, ಮುಖಕ್ಕೂ ಬೀಗ ಎಂದು ತೀರ್ಮಾನಿಸಿದೆ. ಏನೂ ಗೊತ್ತಿಲ್ಲದೆ ಆಡುವ ಸುಖವೊಂದನ್ನಾದರೂ ಇವರಿಗೆ ಉಳಿಸಿಕೊಡಬೇಕಿತ್ತು.

ರಜೆಯ ಮೊದಲ ದಿನ ಭಾನುವಾರ. ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿ, ಕೊನೆಯ ಸಾಲಿಗೆ ಸಹಿ ಮಾಡಿ ಇವರು ಕೂತರು. ನನ್ನ ನಡಿಗೆಯನ್ನೆಲ್ಲ ಅಳಿಸಿ ಹೊಸದಾಗಿ ಶುರು ಮಾಡಿದರು. ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡರು. ಬೂದಿಯ ಬೀದಿ ತೆರೆದುಕೊಂಡಾಗ ಇವರ ಕಣ್ಣು ಹೊಳೆದದ್ದು ನೋಡಿ, ಮಾಡಿದ ತಪ್ಪೆಲ್ಲ ಹೊಟ್ಟೆಯೊಳಗೇ ಕರಗಿಹೋಗಲಿ ಎಂದುಕೊಂಡೆ.

ಇವರು ನಡೆದರು. ತಲೆಯೆತ್ತಿ ಕಟ್ಟಡಗಳನ್ನು ನೋಡುತ್ತಾ ನಡೆದರು. ಆ ಮೂಲೆಯ ಕಟ್ಟಡದಲ್ಲಿ ಲಿಫ್ಟ್ ಓಡುವ ಬಾವಿಗೆ ಬಾಗಿಲೇ ಇಲ್ಲ ನೋಡು, ಪ್ರಪಂಚ ಮುಳುಗದೆ ಏನಾಗುತ್ತೆ ಎಂದು ಬೇಸರಪಟ್ಟುಕೊಂಡರು. ಬ್ಯಾಗಿನ ಪಕ್ಕದಲ್ಲೇ ಹಾದು ಹೋದರು. ಬೀದಿಯ ತುದಿಯಲ್ಲಿ ಬಾಗಿಲಿಗೆ ಬೀಗ. ಮರಳಿ ಬಂದರು. ಮತ್ತೆ ಬ್ಯಾಗಿನ ಪಕ್ಕದಲ್ಲೇ ಹಾದರು. ಆ ಬ್ಯಾಗು ತೆರೆಯದೆ ಆಟ ಮುಂದೆ ಹೋಗುವುದೇ ಇಲ್ಲ.

ಒಂದು ಗಂಟೆ ಕಳೆಯಿತು. ನಾನು ಸೀರೆಯ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಿದ್ದೆ. ಎರಡನೇ ಗಂಟೆಗೆ ಇವರು ಕಸದ ರಾಶಿಯನ್ನು ತಾಗಿಕೊಂಡೇ ಹೋದಾಗ ಕೆಮ್ಮು ಬಂತು. ನೀರು ಬೇಕಾ ಎಂದು ಕೇಳಿ ಎದ್ದು ಹೋಗಿ ತಂದುಕೊಟ್ಟರು. ಮಧ್ಯಾಹ್ನದ ಊಟಕ್ಕೆ ಏಳಲಿಲ್ಲ. ಮೂರು ಗಂಟೆಗೆ ಕೈಬಿಟ್ಟು ಕುರ್ಚಿಗೆ ಒರಗಿದರು. ಬೆಳಗಿನ ಹೊಳಪು ಮುಖದಲ್ಲಿ ಇರಲಿಲ್ಲ. ಯಂತ್ರದಲ್ಲೇ ಏನೋ ದೋಷ ಉಳಿದಿದೆ ಎಂದರು. ಪೂರ್ತಿ ಬಿಚ್ಚಿ, ಮೊದಲಿನಿಂದ ಜೋಡಿಸಿ, ನಲವತ್ತು ಗಂಟೆ ಮತ್ತೆ ಪರೀಕ್ಷೆ ಮಾಡಬೇಕು, ರಜೆ ಹೋದರೆ ಹೋಗಲಿ ಎಂದು ಸ್ಕ್ರೂಡ್ರೈವರ್ ತೆಗೆದುಕೊಂಡರು.

ಇನ್ನು ನನ್ನಿಂದ ಆಗಲಿಲ್ಲ.

“ರೀ, ಆ ಕಸದ ಹಿಂದೆ ಒಂದು ಬ್ಯಾಗಿದೆ,” ಎಂದೆ.

ಇವರು ಪರದೆ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ನನ್ನ ಮುಖದ ಬೀಗ ಎಲ್ಲಿ ಬಿದ್ದುಹೋಯಿತೋ ಗೊತ್ತಿಲ್ಲ.

“ಎಲ್ಲೀವರೆಗೆ ಹೋಗಿದ್ದೆ?”

“ಕೊನೇವರೆಗೆ.”

“ಮೊದಲನೇದಾ?”

“ಮೂರೂ.”

ಸ್ಕ್ರೂಡ್ರೈವರನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು. ಇವರು ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು. ಮೂಟೆಗೆ ಕಣ್ಣು ಮನಸ್ಸು ಇರಲ್ಲ, ನನಗಿದೆ ಎನ್ನಬಹುದಿತ್ತು. ಇವರು ಗೋಡೆಯ ಪಟ್ಟಿಯಲ್ಲಿ ನನ್ನ ಸಹಿಗಳ ಮೇಲೆ ಕಣ್ಣಾಡಿಸಿದರು. ತಪ್ಪಾಯಿತು, ಆ ಬ್ಯಾಗು ಬಿಟ್ಟು ಹೋಗಲು ಕಾಲು ಬರಲಿಲ್ಲ ಎಂದು ನಾನೇ ಬಡಬಡಿಸಿದೆ. ಅಳು ಬಂತು. ಇವರು ನನ್ನ ಕಡೆ ತಿರುಗಿದರು.

“ಕಥೆ ಹೇಳಬೇಡ. ಮುಗಿದ ಮೇಲೆ ನಿನಗೆ ಹೇಗಾಯ್ತು, ಅದು ಹೇಳು.”

ಹೀಗೆ ಕೇಳುತ್ತಾರೆಂದು ನಾನು ಎಣಿಸಿರಲಿಲ್ಲ. ಆದ್ದರಿಂದ ನಿಜವನ್ನೇ ಹೇಳಿದೆ.

“ಯಾರಿಗಾದ್ರೂ ಹೇಳ್ಕೋಬೇಕು ಅನ್ನಿಸ್ತು. ನನಗಿದ್ದೋರು ನೀವೊಬ್ರೇ. ನಿಮಗೊಬ್ರಿಗೇ ಹೇಳೋ ಹಾಗಿರಲಿಲ್ಲ.”

“ಎಷ್ಟು ದಿನ ಆಯ್ತು?”

“ಹದಿಮೂರು.”

ಇವರು ನನ್ನ ಪ್ಲಾಸ್ಟರ್ ಕಾಲನ್ನು ಎತ್ತಿ ಸ್ಟೂಲಿನ ಮೇಲೆ ಸರಿಯಾಗಿ ಇಟ್ಟರು. ಕುರ್ಚಿಯನ್ನು ಮೇಜಿಗೆ ಎಳೆದುಕೊಂಡು, ಕಸದ ರಾಶಿಯನ್ನು ಸುತ್ತಿ ಹೋಗಿ, ಬ್ಯಾಗಿನ ಮುಂದೆ ನಿಂತರು.

“ಇನ್ನೊಂದು ಎಂಟು ದಿನ ತಡ್ಕೋ,” ಎಂದರು. “ಬೇಗ ಬೇಗ ಬರ್ತೀನಿ.”