ತೊಂಬತ್ತು ನಿಮಿಷದ ಕ್ಯಾಸೆಟ್ಟು

ಹಣಮಂತ್ರಾಯರ ಗಂಟಲಿನಿಂದ ಧ್ವನಿಪೆಟ್ಟಿಗೆ ತೆಗೆದು ಆರು ತಿಂಗಳಾಗಿತ್ತು. ಕ್ಯಾನ್ಸರು ಹೋಯಿತೆಂದು ಡಾಕ್ಟರರು ಹೇಳಿದರು. ಅದರ ಜೊತೆಗೆ ಮಾತೂ ಹೋಯಿತು. ಕತ್ತಿನ ತೂತಿಗೆ ಬಿಳಿ ಅರಿವೆ ಕಟ್ಟಿಕೊಂಡು, ಬೇಕಾದ್ದನ್ನು ಪಾಟಿಯ ಮೇಲೆ ಬಳಪದಿಂದ ಬರೆದು ತೋರಿಸುತ್ತಿದ್ದರು. ಪುಣೆಯ ಕೋಥರೂಡದ ಕನ್ನಡದವರ ಸೋಮವಾರದ ಭಜನೆಯಲ್ಲಿ ಇಪ್ಪತ್ತು ವರ್ಷ ಅವರದೇ ಮುಂದಿನ ದನಿ. ಈಗ ಸೋಮವಾರ ಬಂದರೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದರು.

ಅದನ್ನು ನೋಡಲಾರದೆ ಹೆಂಡತಿ ಶೈಲಶ್ರೀ ಒಂದು ದಿನ ಕಪಾಟು ಕೆದಕಿದಳು. ತೊಂಬತ್ತು ನಿಮಿಷದ ಒಂದು ಕ್ಯಾಸೆಟ್ಟು ಸಿಕ್ಕಿತು. ಏಳು ವರ್ಷದ ಹಿಂದೆ, ತಮ್ಮದೇ ಮನೆಯಲ್ಲಿ ಭಜನೆ ನಡೆದಾಗ ಯಾರೋ ತುಂಬಿಸಿಕೊಟ್ಟಿದ್ದು. ರೀಲು ಸಡಿಲಾಗಿ ದನಿ ಅಲ್ಲಲ್ಲಿ ಜೋಲಿ ಹೊಡೆಯುತ್ತಿತ್ತು. ಸೀಡಿ ಮಾಡಿಸಿ ಗಂಡನ ಕೈಗಿಡಬೇಕೆಂದು ಆಕೆಯ ಆಸೆ. ಕೆಳಗಿನ ಮನೆಯ ದೇವದಾಸ್ ಹುಬ್ಬಳ್ಳಿಯವನು, ಮನೆಯಲ್ಲೇ ಕಂಪ್ಯೂಟರ್ ಕಲಿಸುತ್ತಿದ್ದ. ಅವನ ಹತ್ತಿರ ಸೀಡಿ ಬರೆಯುವ ಯಂತ್ರವೂ ಇತ್ತು.

ದೇವದಾಸ್ ಟೇಪ್ ರೆಕಾರ್ಡರಿಗೆ ವೈರು ಸಿಕ್ಕಿಸಿ ಎರಡೂ ಬದಿಯನ್ನು ಕಂಪ್ಯೂಟರಿಗೆ ಇಳಿಸಿಕೊಂಡ. ತಿರುಗಿ ಸುತ್ತುವಾಗ ರೀಲು ಒಳಗೆ ಸಿಕ್ಕಿ, ಮುದ್ದೆಯಾಗಿ, ಮೂರು ಕಡೆ ಹರಿಯಿತು.

"ಚಿಂತಿ ಮಾಡಬ್ಯಾಡ್ರಿ ವೈನಿ, ಎಲ್ಲಾ ಇದರಾಗ ಬಂದದ," ಅಂದ.

ಶೈಲಶ್ರೀ ತಾನೇ ಆ ರೀಲನ್ನು ಕಸದ ಡಬ್ಬಿಗೆ ಹಾಕಿದಳು.

ಆಮೇಲೆ ಶುರುವಾಯಿತು ಕಾಟ. ಮೊದಲ ಸೀಡಿ ಅರ್ಧಕ್ಕೆ ನಿಂತು ಕೆಟ್ಟಿತು. ಎರಡನೆಯದು ಪೂರ್ತಿ ಆಯಿತು, ಆದರೆ ಮನೆಯ ಪ್ಲೇಯರು ಅದನ್ನು ಸೀಡಿ ಎಂದೇ ಒಪ್ಪಲಿಲ್ಲ. ಕಂಪ್ಯೂಟರಿನ ಕಡತದ ಹಾಗೆ ಬರೆದಿದ್ದೆ, ಹಾಡಿನ ಸೀಡಿಯ ಹಾಗೆ ಬರೆಯಬೇಕಿತ್ತು ಎಂದು ದೇವದಾಸ್ ಹಣೆ ಚಚ್ಚಿಕೊಂಡ. ಮೂರನೆಯದರಲ್ಲಿ ಹಾಡಿನುದ್ದಕ್ಕೂ ಒಗ್ಗರಣೆ ಸಿಡಿದಂತೆ ಚಟಚಟ. ನಾಲ್ಕನೆಯದು ಮತ್ತೆ ಅರ್ಧಕ್ಕೇ ನಿಂತಿತು. ಕೆಟ್ಟದ್ದನ್ನೆಲ್ಲ ಅವನು ಮುರಿದು ಕಸಕ್ಕೆ ಹಾಕುತ್ತ ಹೋದ. ವಾರ ಕಳೆದ ಮೇಲೆ ಅವನಿಗೆ ಹೊಳೆಯಿತು.

"ಎರಡು ತ್ರಾಸ ಅದಾವ್ರಿ. ಸೀಡಿ ಎಂಬತ್ತು ನಿಮಿಷದ್ದು, ನಿಮ್ಮ ಕ್ಯಾಸೆಟ್ಟು ತೊಂಬತ್ತರದು. ಮ್ಯಾಲ ನನ್ನ ಕಂಪ್ಯೂಟರಿನಾಗ ಜಾಗಾನೂ ತುಂಬೇದ, ಅದಕ್ಕ ನಡುವ ಉಸಿರುಗಟ್ಟತದ. ಹಾಡಿನ ನಡುನಡುವ ಮಾತು ಭಾಳ ಅದ. ಅದನ್ನ ತಗದ್ರ ಎಲ್ಲಾ ಹಿಡೀತದ."

ಆಕೆ ಪಕ್ಕದಲ್ಲಿ ಕುಳಿತು ಒಂದೊಂದನ್ನೇ ತೋರಿಸಿದಳು. ತಬಲಾ ಶ್ರುತಿ ಮಾಡುವಾಗಿನ ಹರಟೆ, ತೆಗೀರಿ. ಯಾರಿಗೋ ಜಾಗ ಬಿಡಿ ಎಂದದ್ದು, ತೆಗೀರಿ. ಒಂದು ಕಡೆ ಹಣಮಂತ್ರಾಯರು, "ಶೈಲಾ, ಹಿಂದ ಕೂತವ್ರಿಗೆ ಚಾ ಮುಟ್ಟಿಲ್ಲ ನೋಡು," ಎಂದು ನಕ್ಕಿದ್ದರು. ಶೈಲಶ್ರೀಯೂ ನಕ್ಕಳು. "ದೇವರ ಹಾಡಿನ ನಡುವ ಇದೇನು ಚೆಂದ, ಇದನ್ನೂ ತೆಗೀರಿ."

ಹೀಗೆ ಹನ್ನೊಂದು ನಿಮಿಷದ ಮಾತು ಹೋಯಿತು. ಜಾಗ ಬೇಕೆಂದು ದೇವದಾಸ್ ಹಳೆಯ ಪೂರ್ತಿ ರೆಕಾರ್ಡನ್ನೂ ಅಳಿಸಿದ. ಬೇರೆಲ್ಲ ಕೆಲಸ ಮುಚ್ಚಿ, ವೇಗ ತಗ್ಗಿಸಿ, ಹೊಸ ಸೀಡಿ ಹಾಕಿದ. ಇಪ್ಪತ್ತು ನಿಮಿಷ ಇಬ್ಬರೂ ಅಲುಗದೆ ಕುಳಿತರು. ಸೀಡಿ ಬೆಚ್ಚಗೆ ಹೊರಗೆ ಬಂತು. ಈ ಸಲ ಸರಿಯಾಗಿತ್ತು.

ಅವತ್ತೇ ಮಧ್ಯಾಹ್ನ ಮನೆಯಲ್ಲಿ ಸೀಡಿ ಹಚ್ಚಿದಳು. ಹಣಮಂತ್ರಾಯರು ಎದ್ದು ಕುಳಿತರು. ಮೊದಲ ಹಾಡಿಗೆ ಅವರ ಕೈ ತೊಡೆಯ ಮೇಲೆ ತಾಳ ಹಾಕಿತು. ಬಾಗಿಲಲ್ಲಿ ನಿಂತಿದ್ದ ಶೈಲಶ್ರೀ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎರಡನೆಯ ಹಾಡು ಮುಗಿಯುತ್ತಲೇ ಅವರು ಪ್ಲೇಯರಿನ ಗುಂಡಿ ಒತ್ತಿ ಮೂರನೆಯದನ್ನು ಕೊನೆಯವರೆಗೆ ಓಡಿಸಿದರು. ಅದರ ಕೊನೆಯನ್ನಷ್ಟೇ ಕೇಳಿ ಮತ್ತೆ ಮುಂದಕ್ಕೆ. ಹಾಗೇ ಕಡೆಯ ಹಾಡಿನವರೆಗೂ ಹೋದರು.

"ಏನು ಹುಡುಕ್ಲಿಕ್ಕತ್ತೀರಿ?"

ಪಾಟಿ ಎತ್ತಿಕೊಂಡು ಬರೆದರು: "ಮಾತು ಎಲ್ಲಿ?"

"ಯಾವ ಮಾತ್ರೀ?"

"ನಡುವ ನಾ ಮಾತಾಡಿದ್ದು. ಹಾಡೋ ದನಿ ಬ್ಯಾರೆ. ಮಾತಾಡಿದ್ರ ಹೆಂಗ ಕೇಳ್ತಿದ್ದೆ, ಮರ್ತುಹೋಗೇದ."

ಕ್ಯಾಸೆಟ್ಟಿನಲ್ಲೇ ಇರಲಿಲ್ಲ ಎನ್ನಬಹುದಿತ್ತು. ಆ ಸುಳ್ಳು ಆಕೆಯ ಬಾಯಿಗೆ ಬರಲಿಲ್ಲ. "ನಾನ ತಗಸೀನ್ರಿ," ಅಂದು ಚಪ್ಪಲಿಯನ್ನೂ ಮೆಟ್ಟದೆ ಕೆಳಗೆ ಓಡಿದಳು.

ದೇವದಾಸ್ ಒಂದು ತಾಸು ಹುಡುಕಿದ. ಅಳಿಸಿದ ಜಾಗದ ಮೇಲೆ ಬೇರೇನೋ ಬರೆದು ಹೋಗಿತ್ತು. ಸಿಕ್ಕ ಚೂರಿನಲ್ಲಿ ಬರೀ ಕರ್ಕಶ ಸದ್ದು. "ಇನ್ನ ಸಿಗೂದಿಲ್ರಿ ವೈನಿ," ಅಂದ, ಆಕೆಯ ಮುಖ ನೋಡದೆ. ಹರಿದ ರೀಲನ್ನೂ ಕೆಟ್ಟ ಸೀಡಿಗಳನ್ನೂ ಕಸದ ಗಾಡಿ ಎಂದೋ ಒಯ್ದಾಗಿತ್ತು.

ಮೇಲೆ ಬಂದು ಹೇಳಿದಳು. ಹಣಮಂತ್ರಾಯರು ಪಾಟಿ ಒರೆಸಿ ಬೋರಲು ಇಟ್ಟರು. ನಾಲ್ಕು ದಿನ ಏನೂ ಬರೆಯಲಿಲ್ಲ. ಊಟಕ್ಕೆ, ಔಷಧಕ್ಕೆ ಬೆರಳು ತೋರಿಸಿದರು, ಅಷ್ಟೇ.

ಐದನೆಯ ದಿನ ಕತ್ತಿನ ಅರಿವೆ ಬದಲಿಸುವಾಗ ಅವರೇ ಬಳಪ ಹಿಡಿದರು. "ನಿನಗ ನೆನಪದ ಏನು? ಮಾತಾಡಿ ತೋರಸು."

ಶೈಲಶ್ರೀ ಕೈ ಒರೆಸಿಕೊಂಡಳು. ಆಫೀಸಿನಿಂದ ಬಂದು ಬಾಗಿಲಲ್ಲಿ ಅವರು ಕೂಗುತ್ತಿದ್ದ ರೀತಿ ಆಕೆಯ ಕಿವಿಯಲ್ಲಿ ಸ್ಪಷ್ಟವಾಗಿತ್ತು. ಗಂಟಲು ದಪ್ಪ ಮಾಡಿ, "ಯಾರದೀರಿ ಒಳಗ, ಬಾಗಲಾ ತಗೀರಿ," ಅಂದಳು. ಹೊರಗೆ ಬಂದದ್ದು ಆಕೆಯದೇ ದನಿ.

ಹಣಮಂತ್ರಾಯರು ತಲೆಯಲ್ಲಾಡಿಸಿ, "ಅಲ್ಲ" ಎಂದು ಬರೆದರು.

ಆಕೆ ಇನ್ನೊಂದು ಸಲ ಪ್ರಯತ್ನಿಸಿದಳು. ಅವರು ಆಕೆಯ ಬಾಯಿಯ ಮೇಲೆ ಮೆಲ್ಲಗೆ ಕೈ ಇಟ್ಟು ಸುಮ್ಮನಾಗಿಸಿದರು.